ಒಡಪಿನೊಳಗೊಬ್ಬ ಪರಪುರುಷ

ಕಂಪ್ಲಿಯಲ್ಲಿ ಬಸುರಿಗೆ ಕುಬಸ ಮಾಡುತ್ತಿದ್ದ ಮನೆಯ ಹೊಸ್ತಿಲಲ್ಲಿ, ಉಡಿ ತುಂಬುವ ತಟ್ಟೆ ಹಿಡಿದು, ತುಂಬಿದ ಹೆಂಗಸರ ಸಭೆಯೆದುರು ಅನುಸೂಯಾ ತನ್ನ ಗಂಡನ ಹೆಸರು ಹೇಳಿದಳು:

"ಬೆಳ್ಳಿಯ ಬೆಳದಿಂಗಳಲ್ಲಿ ಹೊಳೆಯಿತು ಆಕಾಶ,
ನನ್ನ ಬಾಳಿನ ಬಂಗಾರ ಪ್ರೀತಿಯ ಪ್ರಕಾಶ!"

ಒಡಪೇನೋ ಅಮೋಘವಾಗಿತ್ತು. ತೊಂದರೆ ಒಂದೇ. ಅವಳ ಗಂಡನ ಹೆಸರು ಉಚ್ಚೆಂಗೆಪ್ಪ!

ಫೋಟೋ ತೆಗೆಯಲು ಬಂದಿದ್ದ, ಹೊಟ್ಟೆ ಬಂದ, ತಲೆ ನರೆತ ಸ್ಟುಡಿಯೋ ಪ್ರಕಾಶ ಕ್ಯಾಮೆರಾ ಇಳಿಸಿ, "ಅಕ್ಕಾರ, ದೇವ್ರಾಣಿ, ನಾ ನಿಮ್ಮನ್ನ ನೋಡಿದ್ದೇ ಇವತ್ತು!" ಎಂದು ಗೋಡೆಗೆ ಅಂಟಿಕೊಂಡ. ಅಂಗಳದ ಪೆಂಡಾಲಿನಲ್ಲಿ ಊಟಕ್ಕೆ ಕೂತಿದ್ದ ಗಂಡಸರ ಪಂಕ್ತಿಯಿಂದ ಯಾರೋ ಕೂಗಿದರು: "ಲೇ ಉಚ್ಚೆಂಗಿ, ಹೆಸರು ಯಾವಾಗ ಚೇಂಜ್ ಮಾಡ್ಸಿದ್ಯೋ?"

ಇದೆಲ್ಲ ಆದದ್ದು ಹೀಗೆ. ಅವರ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ನೇರವಾಗಿ ಬಾಯಿಬಿಟ್ಟು ಹೇಳುವ ಹಾಗಿಲ್ಲ. ಹೇಳಲೇಬೇಕಾದ ಶುಭಕಾರ್ಯಗಳಲ್ಲಿ ಪ್ರಾಸದೊಳಗೆ ಸುತ್ತಿ, ಒಡಪು ಕಟ್ಟಿ ಹೇಳಬೇಕು. ಈ ವಿದ್ಯೆಯಲ್ಲಿ ಹೊಸಪೇಟೆಯ ಚಿತ್ತವಾಡ್ಗಿಗೆಲ್ಲ ಅನುಸೂಯಾಳೇ ಮಹಾರಾಣಿ. ರೊಟ್ಟಿ ಬಡಿಯುತ್ತಲೇ ಒಡಪು ಕಟ್ಟುತ್ತಿದ್ದಳು. ರೊಟ್ಟಿ ಹರಿದೀತು, ಪ್ರಾಸ ತಪ್ಪುತ್ತಿರಲಿಲ್ಲ!

ಅಂಥವಳ ಫೋನಿಗೆ ಪಕ್ಕದ ಮನೆಯ ಸುಮಲತಾ ಎಐ ಹಾಕಿಕೊಟ್ಟಳು. ತಮಾಷೆಗೆಂದು ಅನುಸೂಯಾ ತನ್ನದೊಂದು ಒಡಪನ್ನು ಅದಕ್ಕೆ ತೋರಿಸಿದಳು. ಅದು ಥಟ್ಟನೆ ಉತ್ತರಿಸಿತು: "ಉತ್ತಮ ಪ್ರಯತ್ನ! ಇದನ್ನು ಇನ್ನಷ್ಟು ಸುಂದರಗೊಳಿಸಲೇ?"

ಉತ್ತಮ ಪ್ರಯತ್ನ! ಅನುಸೂಯಾ ಕಾನ್ವೆಂಟಿನಲ್ಲಿ ಓದಿದವಳು. ಲೆಕ್ಕದಲ್ಲಿ ಫೇಲಾದವರ ಕಾರ್ಡಿನ ಮೇಲೆ ಸಿಸ್ಟರುಗಳು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದದ್ದು ಇದೇ ಮಾತು. ಅಂದಿನಿಂದ ಮಹಾರಾಣಿಯ ಸಿಂಹಾಸನ ಅಲುಗಾಡತೊಡಗಿತು. ಹುಟ್ಟುಹಬ್ಬದ ಹಾರೈಕೆಯಿರಲಿ, ಸಂಘದ ಹೆಂಗಸರಿಗೆ ಕಳಿಸುವ ಮೆಸೇಜಿರಲಿ, ಫೋನು ತಿದ್ದಿಕೊಡದೆ ಒಂದಕ್ಷರ ಹೊರಡದು. 'ನಾಳೆ ಹಾಲು ಬೇಡ' ಎಂದು ಹಾಲಿನವನಿಗೆ ತಿಳಿಸಲು ಹೋದರೆ, ಅದು 'ಗೌರವಾನ್ವಿತ ಕ್ಷೀರ ವಿತರಕರೇ' ಎಂದು ಶುರುಮಾಡಿತು. ಕೋರ್ಟಿನ ನೋಟೀಸೆಂದು ಹೆದರಿದ ಆ ಮನುಷ್ಯ ವಾರಗಟ್ಟಲೆ ಅವರ ಬೀದಿಗೇ ಬರಲಿಲ್ಲ!

ಗಂಡನ ಅಕ್ಕ ವಿರುಪಮ್ಮನ ಮಗಳು ಸುಧಾರಾಣಿಯ ಕುಬಸ ಬಂದಾಗ ಅನುಸೂಯಾ ಗುಡುಗಿದಳು: "ಈ ಸಲ ಬೀಗರು ಬಾಯ್ಮ್ಯಾಲ ಬೆರಳಿಡಬೇಕು!" ಫೋನನ್ನು ಒಂದು ಒಡಪು ಕೇಳಿದಳು. "ನಿಮ್ಮ ಪತಿಯ ಹೆಸರೇನು?" ಎಂದಿತು ಅದು.

ಬೆರಳು ಗಾಳಿಯಲ್ಲೇ ನಿಂತಿತು. ಬಾಯಿಂದ ಹೇಳಬಾರದ ಹೆಸರನ್ನು ಬೆರಳಿಂದ ಹೇಳಬಹುದೇ? ಈ ವಿಷಯದಲ್ಲಿ ಶಾಸ್ತ್ರ ಸ್ಪಷ್ಟವಿರಲಿಲ್ಲ. ಯಾತಕ್ಕೂ ಇರಲೆಂದು 'ನಮ್ಮನೆಯವರು' ಎಂದು ಒತ್ತಿದಳು. ಫೋನು ತನಗೆ ತೋಚಿದ ಒಬ್ಬ ಪ್ರಕಾಶನನ್ನು ತಂದು ಆ ಜಾಗದಲ್ಲಿ ಕೂರಿಸಿತು. ಹೆಸರು ಆಮೇಲೆ ಬದಲಿಸಿಕೊಂಡರಾಯಿತೆಂದು ಅವಳು ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿದಳು. ಹೊಸ್ತಿಲಲ್ಲಿ ನಾಲಿಗೆಯ ಮೇಲೆ ಆಕಾಶ ಬಂತು, ಅದರ ಬಾಲ ಹಿಡಿದು ಪ್ರಕಾಶನೂ ಬಂದುಬಿಟ್ಟ!

ಬೀಗಿತ್ತಿ ಚೆನ್ನಬಸಮ್ಮ ಬಾಗಿಲಿಗೆ ಅಡ್ಡ ಕೈಯಿಟ್ಟಳು. "ಯಾವನದೋ ಹೆಸರು ಹೇಳಿ ನಮ್ಮ ಸೊಸಿ ಉಡಿ ತುಂಬತೀಯೇನವಾ? ಗಂಡನ ಹೆಸರು ಹೇಳಿ ಒಳಗ ಬಾ. ಇಲ್ಲಾಂದ್ರ ಅಲ್ಲೇ ನಿಂದ್ರು."

ವಿರುಪಮ್ಮ ಓಡಿಬಂದಳು. "ಬೀಗರ ಮುಂದ ನನ್ ಮರ್ಯಾದಿ ಕಳೀಬ್ಯಾಡವಾ, ಜಲ್ದಿ ಒಂದು ಹೇಳು!"

"ಅಕ್ಕಾ, ನನ್ ಫೋನೆಲ್ಲಿ?"

"ಫೋನ್ಯಾಕ? ನನ್ ತಮ್ಮನ್ನ ಕಟ್ಕೊಂಡಾಕಿ ನೀನೋ, ಫೋನೋ?"

ಅನುಸೂಯಾ ಬಾಯಿ ತೆರೆದಳು. ಒಳಗೆ ಏನೂ ಇರಲಿಲ್ಲ. ಒಂದು ಸಾಲು ಹುಟ್ಟುವಷ್ಟರಲ್ಲಿ 'ಉತ್ತಮ ಪ್ರಯತ್ನ' ಎಂದು ಕಿವಿಯಲ್ಲಿ ಕೇಳಿ ಸಾಲು ಸತ್ತುಬೀಳುತ್ತಿತ್ತು. ಅವಳಿಗೆ ನಿಜವಾಗಿಯೂ ಹೆದರಿಕೆಯಾಯಿತು. ರೊಟ್ಟಿ ಬಡಿಯುತ್ತ ಒಡಪು ಕಟ್ಟುತ್ತಿದ್ದ ಆ ಅನುಸೂಯಾ ಎಲ್ಲಿ ಹೋದಳು? ಇನ್ನು ತಿರುಗಿ ಬರುವುದೇ ಇಲ್ಲವೇ?

ದಿಕ್ಕುಗಾಣದೆ ಅಂಗಳದತ್ತ ನೋಡಿದಳು. ಪಂಕ್ತಿಯಲ್ಲಿ ಎಲ್ಲರೂ ಇತ್ತಲೇ ಕತ್ತು ಚಾಚಿದ್ದರು, ಒಬ್ಬನನ್ನು ಬಿಟ್ಟು. ಇಲ್ಲಿ ಹೆಂಡತಿಯ ಮಾನ ಹರಾಜಾಗುತ್ತಿದ್ದರೆ, ಅಲ್ಲಿ ಉಚ್ಚೆಂಗೆಪ್ಪ ಮೀಸೆಗೆ ತುಪ್ಪ ಮೆತ್ತಿಕೊಂಡು ಎಲೆಯ ಮೇಲೆ ಬಾಗಿದ್ದ! ಅನುಸೂಯಾಳ ಮೈಯೆಲ್ಲ ಉರಿದುಹೋಯಿತು. ಆ ಉರಿಗೆ ನಾಲಿಗೆಯ ಬೀಗ ಪಟ್ಟನೆ ಕಳಚಿತು:

"ಹೋಳಿಗಿ ಮ್ಯಾಲ ಹೋಳಿಗಿ, ಹೋಳಿಗಿ ಮ್ಯಾಲ ತುಪ್ಪ,
ಎಲಿ ಬಿಟ್ಟು ಏಳವಲ್ರು ನಮ್ಮ ಉಚ್ಚೆಂಗೆಪ್ಪ!"

ಪೆಂಡಾಲು ಹಾರಿಹೋಗುವಂತೆ ಜನ ನಕ್ಕರು. ಬಸುರಿ ಸುಧಾರಾಣಿ, "ಸಾಕ್ ಮಾಡ್ರೀ ಅತ್ತೀ, ಹೊಟ್ಟಿ ನೋಯ್ತೈತಿ!" ಎಂದು ಕುರ್ಚಿ ಹಿಡಿದುಕೊಂಡಳು. ಚೆನ್ನಬಸಮ್ಮ ಅಡ್ಡ ಇಟ್ಟಿದ್ದ ಕೈಯಿಂದಲೇ ಕಣ್ಣೊರೆಸಿಕೊಂಡು, "ಬಾರವಾ ತಾಯಿ ಒಳಗ, ಇದು ನೋಡು ಗಂಡನ ಹೆಸರು!" ಎಂದಳು. ಎಲ್ಲರಿಗಿಂತ ದೊಡ್ಡ ನಿಟ್ಟುಸಿರು ಬಿಟ್ಟವನು ಸ್ಟುಡಿಯೋ ಪ್ರಕಾಶ.

ಸಂಜೆ ಹೊಸಪೇಟೆಯ ಬಸ್ಸಿನಲ್ಲಿ ಕಿಟಕಿಯ ಗಾಳಿಗೆ ಮುಖವೊಡ್ಡಿ ಕೂತಾಗ ಅನುಸೂಯಾಳಿಗೆ ಎದೆಯ ಮೇಲಿನ ಬೀಸುವ ಕಲ್ಲು ಇಳಿದಂತಾಗಿತ್ತು. ವಿದ್ಯೆ ಎಲ್ಲಿಗೂ ಹೋಗಿಲ್ಲ, ಒಳಗೇ ಇದೆ! ಆ ಹಿಗ್ಗಿಗೆ ಗಂಡನ ಮುದ್ರೆಯೂ ಬೀಳಲೆಂದು ಕೇಳಿಯೇಬಿಟ್ಟಳು:

"ಖರೇ ಹೇಳ್ರಿ. ಯಾವ ಒಡಪ ಭಾಳ ಚಲೋ ಇತ್ತು? ಫೋನಿಂದೋ, ನಂದೋ?"

"ಫೋನಿಂದು," ಎಂದ ಉಚ್ಚೆಂಗೆಪ್ಪ, ಒಂದು ಕ್ಷಣವೂ ಯೋಚಿಸದೆ.

"ಏನಂದ್ರಿ?!"

"ಅದನ್ನ ಕೇಳಿ ಬಡಿಸಾವ್ರು 'ಅಯ್ಯೋ ಪಾಪ' ಅಂತ ಎರಡು ಹೋಳಿಗಿ ಹೆಚ್ಚಿಗಿ ಹಾಕಿದ್ರು. ನಿಂದು ಕೇಳಿದ ಮ್ಯಾಲ ಒಬ್ಬಾನೂ ನನ್ನ ಎಲಿ ಕಡಿ ತಿರುಗಿ ನೋಡ್ಲಿಲ್ಲ!"