ಅವ್ವನ ಲಿನಕ್ಸು

ಪುಣೆಯ ಕೋಥರೂಡದ ಆ ಅಪಾರ್ಟ್‌ಮೆಂಟ್ ಸೊಸೈಟಿಯ ಲಿಫ್ಟು ಸ್ವಲ್ಪ ಚುರುಕಾಗಿದ್ದಿದ್ದರೆ ಬಸವಪ್ರಭುವಿಗೆ ಅಷ್ಟೆಲ್ಲ ಕೊಚ್ಚಿಕೊಳ್ಳಲು ಸಮಯವೇ ಸಿಗುತ್ತಿರಲಿಲ್ಲ.

"ನಮ್ಮವ್ವಗ ಇಂಗ್ಲಿಷ್ ಬರಂಗಿಲ್ಲ ನೋಡ್ರಿ. ಹಳೇ ಲ್ಯಾಪ್‌ಟಾಪಿಗೆ ವಿಂಡೋಸ್ ತಗದು ಲಿನಕ್ಸ್ ಹಾಕಿ, ಪೂರ್ತಿ ಕನ್ನಡದಾಗ ಮಾಡಿಕೊಟ್ಟೀನಿ. ನಾಳೆ ಗೋಕಾಕದ ಚಿಗವ್ವನ ಜೋಡಿ ವಿಡಿಯೋದಾಗ ಮಾತಾಡ್ತಾಳ. ಬಂದು ನೋಡ್ರೆಲ್ಲಾ!" ಎಂದು ಕನ್ನಡ ಸಂಘದ ಶಂಕ್ರೆಪ್ಪನವರನ್ನು ಕರೆದ. ಪಕ್ಕದಲ್ಲಿದ್ದ ಸೊಸೈಟಿಯ ಚೇರ್ಮನ್ ಪಂಢರಿನಾಥರಿಗೂ ಅದನ್ನೇ ಮರಾಠಿಯಲ್ಲಿ, ಇನ್ನಷ್ಟು ಉಪ್ಪುಖಾರ ಹಚ್ಚಿ ಹೇಳಿದ.

ಹೇಳದೆ ಬಿಟ್ಟದ್ದು ಒಂದೇ. ಪುಣೆಯಲ್ಲಿ ಹುಟ್ಟಿ ಮರಾಠಿ ಶಾಲೆಯಲ್ಲಿ ಕಲಿತ ಬಸವಪ್ರಭು ಕನ್ನಡ ಮಾತಾಡಬಲ್ಲ, ಓದಲಾರ.

ಪರದೆಯ ಮೇಲಿನ ಸಣ್ಣ ಚಿತ್ರಗಳು ಕಣ್ಣಿಗೆ ಕಾಣುವುದಿಲ್ಲವೆಂದು ಅವ್ವ ಶಿವಕಾಂತಾ ಹೇಳಿದ್ದಕ್ಕೆ ಚಿತ್ರಗಳನ್ನೆಲ್ಲ ತೆಗೆದು, ಮೊಬೈಲಿನಲ್ಲಿ ಅನುವಾದಿಸಿದ ಹೆಸರುಗಳನ್ನು ಕುಂಬಳಕಾಯಿ ಗಾತ್ರದ ಅಕ್ಷರಗಳಲ್ಲಿ ಅಂಟಿಸಿದ್ದ. ಯಾವುದು ಎಲ್ಲಿದೆ ಎಂಬುದು ಅವನಿಗೆ ಬಾಯಿಪಾಠ. ಅವ್ವ ಏನು ಕೇಳಿದರೂ "ಮ್ಯಾಲಿಂದು ಒತ್ತು", "ಅದರ ಕೆಳಗಿಂದು ಒತ್ತು" ಎನ್ನುತ್ತಿದ್ದ. ಅವಳೋ ಬಂಧುಬಳಗಕ್ಕೆಲ್ಲ ಫೋನು ಮಾಡಿ, "ಸಾಲ್ಯಾಗ ಕಲೀದಿದ್ರೂ ನನ್ನ ಸಲುವಾಗಿ ನಮ್ಮ ಅಕ್ಷರ ಕಲ್ತಾನ ನನ್ನ ಮಗಾ!" ಎಂದು ಹಿಗ್ಗಿದ್ದಳು. ಆ ಹಿಗ್ಗಿಗೆ ಸೂಜಿ ಚುಚ್ಚುವ ಧೈರ್ಯ ಅವನಿಗೆಲ್ಲಿಯದು?

ಮರುದಿನ ಬೆಳಿಗ್ಗೆ ಇಬ್ಬರೂ ಬಂದರು. ಅವಲಕ್ಕಿ, ಚಹಾ ಮುಗಿಯಿತು. ಲ್ಯಾಪ್‌ಟಾಪು ತೆರೆದದ್ದೇ ಬಸವಪ್ರಭು ಪರದೆಗೆ ಮೂಗು ತಾಗುವಷ್ಟು ಬಗ್ಗಿದ. ಉದ್ದದ ಹೆಸರಿದ್ದಲ್ಲಿ ಗಿಡ್ಡದು, ಗಿಡ್ಡದಿದ್ದಲ್ಲಿ ಉದ್ದದ್ದು; ಸಾಲೇ ಬೇರೆಯಾಗಿತ್ತು.

"ಅವ್ವಾ, ಇದೇನಿದು?"

"ಒಪ್ಪ ಮಾಡೀನೋ. ಅಡಗೀಮನಿ ಮಾಡೂದಿಲ್ಲೇನು, ಹಂಗ."

ಬಸವಪ್ರಭು ಧೈರ್ಯ ಮಾಡಿ ಮೇಲಿನದನ್ನು ಒತ್ತಿದ. ತಾಳ, ಮೃದಂಗ, ಭಜನೆ ಒಟ್ಟಿಗೇ ಹೊಡೆದುಕೊಂಡವು. "ವ್ಹಾ! ಆಧೀ ದೇವಾಚಂ ನಾವ!" ಎಂದು ಪಂಢರಿನಾಥರು ಕೈಮುಗಿದರು.

"ಮೊದಲ ದೇವರು, ಆಮ್ಯಾಲೆ ಕೆಲಸ" ಎನ್ನುತ್ತ ಬಸವಪ್ರಭು ಕೆಳಗಿನದನ್ನು ಒತ್ತಿದ. ಪರದೆ ಕಪ್ಪಾಯಿತು.

"ಇದೇನ್ರಿ, ಮಲಕೊಂತಲ್ಲ?" ಎಂದರು ಶಂಕ್ರೆಪ್ಪ. ಅವರು ಕನ್ನಡಕ ಮರೆತು ಬಂದು ದೂರದ ಕುರ್ಚಿಯಲ್ಲಿ ಕುಳಿತಿದ್ದರು; ಒತ್ತಿದ ಹೆಸರು ಯಾವುದೆಂದು ಓದಲಾಗಲಿಲ್ಲ, ಅದೊಂದೇ ದೇವರ ದಯೆ.

"ಅದಕ್ಕೂ ಸ್ವಲ್ಪ ಆರಾಮ ಬೇಕಲ್ರಿ," ಎಂದ ಬಸವಪ್ರಭು ಬೆವರು ಒರೆಸಿಕೊಂಡ.

"ಸರಿ ಅತ್ಲಾಗ," ಎಂದು ಶಿವಕಾಂತಾ ತಾನೇ ಕುಳಿತಳು. ಮತ್ತೆ ಚಾಲೂ ಮಾಡಿ, "ಕರೆ ಮಾಡು" ಎಂದು ದೊಡ್ಡದಾಗಿ ಓದಿ ಒತ್ತಿದಳು. ಗೋಕಾಕದ ಫ್ಯಾನು ಕಂಡಿತು, ಬಳಿಕ ಚಿಗವ್ವನ ಗದ್ದ, ಆಮೇಲೆ ಪೂರ್ತಿ ಮುಖ. "ಅಕ್ಕಾ!" ಎಂದಳು ಚಿಗವ್ವ. ಕನ್ನಡ ಶಾಲೆಯ ಅಕ್ಕೋರಾಗಿ ನಿವೃತ್ತಳಾದ ಆಕೆಯ ದನಿ ಇನ್ನೂ ಇಡೀ ವರ್ಗವನ್ನು ಸುಮ್ಮನಾಗಿಸುವಂತಿತ್ತು.

"ನನ್ನ ಮಗಾ ಮಾಡಿಕೊಟ್ಟದ್ದು!" ಎಂದು ಶಿವಕಾಂತಾ ಎಲ್ಲರತ್ತ ನೋಡಿದಳು. ಚಪ್ಪಾಳೆ ಬಿತ್ತು.

ಶಂಕ್ರೆಪ್ಪನವರು ಬಸವಪ್ರಭುವಿನ ಕೈ ಹಿಡಿದುಕೊಂಡರು. "ಇಂಥವರ ಬೇಕಾಗಿತ್ರಿ. ಸಂಘದಾಗ ರವಿವಾರ ಹುಡುಗರಿಗೆ ಕನ್ನಡ ಅಕ್ಷರ ಕಲಿಸಾಕ ಯಾರೂ ಇಲ್ಲ. ಮುಂದಿನ ತಿಂಗಳಿಂದ ನೀವ ಬರ್ರಿ."

ಬಸವಪ್ರಭು ಬಾಯಿ ತೆರೆಯುವಷ್ಟರಲ್ಲಿ ಅವ್ವ, "ಬರ್ತಾನ್ರಿ!" ಎಂದಳು.

ಅವರು ಹೋದದ್ದೇ ಅವನು ಕುಸಿದು ಕುಳಿತ. "ಅವ್ವಾ, ನನಗ ಒಂದಕ್ಷರ ಸುದ್ದಾ ಓದಾಕ ಬರಂಗಿಲ್ಲ!"

"ಗೊತ್ತದ. ನಾ ಹೆಸರು ಕೇಳಿದ್ರ ನೀ ಜಾಗಾ ಹೇಳ್ತಿದ್ದಿ. ಅದಕ್ಕ ಎಲ್ಲಾ ಅದಲಬದಲ ಮಾಡಿ ನೋಡಿದೆ."

"ಮತ್ತ ಎಲ್ಲಾರ ಮುಂದ ಹೊಗಳಿದೆಲ್ಲಾ?"

"ಓದಾಕ ಬರದಿದ್ರೂ ಅವ್ವಗ ಇಷ್ಟು ಮಾಡಿಕೊಟ್ಟಾನಂದ್ರ ಹೊಗಳಬಾರದೇನೋ, ಹುಚ್ಚಪ್ಪಾ?" ಅವಳ ಕಣ್ಣು ತುಂಬಿತ್ತು. ಅವನದೂ ತುಂಬಿತು.

ಅಷ್ಟರಲ್ಲಿ ಲ್ಯಾಪ್‌ಟಾಪು ಕೆಮ್ಮಿತು. ಕರೆ ಕಡಿದೇ ಇರಲಿಲ್ಲ.

"ಎಲ್ಲಾ ಕೇಳಿಸ್ಕೊಂಡೆ," ಎಂದಳು ಚಿಗವ್ವ. "ಪ್ರಭ್ಯಾ, ನೆಟ್ಟಗ ಕುಂಡ್ರು. ಇನ್ನ ದಿನಾ ಆಫೀಸಿಂದ ಬಂದಕೂಡ್ಲೆ ನನ್ನ ಮುಂದ ಅಕ್ಷರ ತಿದ್ದಬೇಕು. ಹೂಂ, ಬರಿ, ಅ!"

ಕರೆ ಕಡಿಯಲೆಂದು ಬಸವಪ್ರಭು ಪರದೆಯ ತುಂಬ ಕಣ್ಣಾಡಿಸಿದ. ದೊಡ್ಡ ದೊಡ್ಡ ಅಕ್ಷರಗಳು ಅವನನ್ನೇ ನೋಡುತ್ತಿದ್ದವು. ಯಾವುದನ್ನು ಒತ್ತಬೇಕೆಂದು ಓದಲು ಬರಲಿಲ್ಲ.