ವರದಿಯಲ್ಲಿ ಕಾಣದ ಗಟಾರ

ಬೇರೆಯವರು ಬರೆದದ್ದು ಅರ್ಥವಾಗದಿದ್ದರೆ ಅದಕ್ಕೊಂದು ಗೌರವವಿದೆ. ನಾನೇ ಬರೆದದ್ದು ನನಗೇ ಅರ್ಥವಾಗುವುದಿಲ್ಲವೆಂದು ಯಾರ ಮುಂದೆ ಹೇಳಿಕೊಳ್ಳಲಿ? ನಮ್ಮೂರಿನ ಸರಕಾರಿ ಕಚೇರಿಯೊಂದರಲ್ಲಿ ವರ್ಷಕ್ಕೊಮ್ಮೆ ಹಣಕಾಸು ವರದಿ ಬರೆಯುವವನು ನಾನು. ಈ ಸಲದ್ದನ್ನು ಸಾಹೇಬರು ಕೈಯಲ್ಲಿ ತೂಗಿ ನೋಡಿ, "ಛಲೋ ಆಗೇತಿ" ಎಂದರು. ಓದಿ ಹೇಳಿದರೋ, ತೂಕ ನೋಡಿ ಹೇಳಿದರೋ, ಕೇಳುವ ಧೈರ್ಯವಾಗಲಿಲ್ಲ. ಒಂದು ಪ್ರತಿ ಮನೆಗೆ ತಂದೆ. ಹೆಂಡತಿ ಮುಖಪುಟದ ಬಣ್ಣ ಚಂದವಿದೆ ಎಂದಳು.

ಅದರಲ್ಲಿ ಏನಿದೆ ಎಂದು ಕೇಳಿದವಳು ಪಕ್ಕದ ಮನೆಯ ಶಿವಕ್ಕ ಒಬ್ಬಳೇ. ಅವಳದು ಕುಣಿಮಗ್ಗ, ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಸೀರೆ ನೇಯುತ್ತಾಳೆ. ಹೋದ ಮಳೆಗಾಲದಲ್ಲಿ ಓಣಿಯ ಗಟಾರ ತುಂಬಿ, ನೀರು ಕುಣಿಗೆ ನುಗ್ಗಿ, ಅರ್ಧ ನೇಯ್ದ ಸೀರೆ ಹಾಳಾಗಿತ್ತು.

"ತಮ್ಮಾ, ಮಳಿಗಿಂತ ಮೊದಲ ನಮ್ಮ ಗಟಾರದ ಕೆಲಸ ಆಕ್ಕೈತೋ ಇಲ್ಲೋ, ಅಷ್ಟ ನೋಡಿ ಹೇಳು. ಇಲ್ಲಂದ್ರ ಮಗ್ಗ ಮ್ಯಾಲಿನ ಓಣಿಗೆ ಒಯ್ಯಬೇಕು. ಅಲ್ಲಿ ಹೊಸಾ ಕುಣಿ ತೋಡಿ ಹೂಡೂತನಕ ನೇಯೂದು ಬಂದ್."

ಇಷ್ಟೇ ತಾನೇ ಎಂದು ವರದಿ ಬಿಡಿಸಿದೆ. 'ಪ್ರಗತಿಯಲ್ಲಿರುವ ಕಾಮಗಾರಿಗಳು: ಅನುಬಂಧ ನೋಡಿ.' ಅನುಬಂಧದಲ್ಲಿ, 'ಟಿಪ್ಪಣಿ ನೋಡಿ.' ಟಿಪ್ಪಣಿಯಲ್ಲಿ, 'ಮೇಲೆ ತಿಳಿಸಿದಂತೆ.' ಅಯ್ಯೋ ದೇವರೇ! ಊರಿನ ಗಟಾರಗಳೆಲ್ಲ ಒಂದೇ ಮೊತ್ತದಲ್ಲಿ ಮುಳುಗಿದ್ದವು. ಒಂದು ಓಣಿಯ ಹೆಸರೂ ಇಲ್ಲ. ಬರೆಯುವಾಗ ಇದನ್ನು ಯಾರಾದರೂ ಓದಿಯಾರೆಂಬ ಸಂಶಯವೇ ನನಗೆ ಬಂದಿರಲಿಲ್ಲ.

"ಇಷ್ಟ ದಪ್ಪ ಪುಸ್ತಕದಾಗ ನಮ್ಮ ಗಟಾರ ಇಲ್ಲೇನು?"

"ಐತಿ ಶಿವಕ್ಕಾ. ಆದ್ರ ಕಾಣವಲ್ದು."

"ಹೋಗ್ಲಿ ಬಿಡು, ಬರದಾಂವಗರ ಗೊತ್ತಿರ್ತೈತಲ್ಲ. ಅವನ್ನ ಕೇಳ್ಕೊಂಡ ಬಾ."

ಬರೆದವನು ನಾನೇ ಎನ್ನಲು ಬಾಯಿ ಬರಲಿಲ್ಲ. ಮರುದಿನ ಕಚೇರಿಯ ಇಂಜಿನಿಯರ್ ಸಾಹೇಬರನ್ನು ಕೇಳಿದೆ. "ನನಗೇನ ಕೇಳ್ತೀರಿ? ನಿಮ್ಮ ವರದಿಯೊಳಗ ನೋಡ್ರಿ" ಎಂದರು. ಸಂಜೆ ಶಿವಕ್ಕ ಬಾಗಿಲಲ್ಲೇ ನಿಂತಿದ್ದಳು. "ಅಂವಾ ರಜಾ ಮ್ಯಾಲ ಅದಾನ" ಎಂದೆ. ಅದನ್ನೇ ಮುಂದಿನ ನಾಲ್ಕು ಸಂಜೆಯೂ ಹೇಳಿದೆ.

ಭಾನುವಾರ ಮೋಡ ಕವಿಯಿತು.

"ಆ ಪುಣ್ಯಾತ್ಮ ಇನ್ನೂ ಬಂದಿಲ್ಲೇನು?"

"ಇಲ್ಲ."

"ಹಂಗಾದ್ರ ನೀನರ ಬಾ. ಮಗ್ಗ ಎತ್ತಾಕ ಒಂದ ಕೈ ಹಚ್ಚು."

ಮಗ್ಗದ ತೊಲೆಯ ಒಂದು ತುದಿ ನನ್ನ ಹೆಗಲ ಮೇಲೆ, ಇನ್ನೊಂದು ಶಿವಕ್ಕನ ಹೆಗಲ ಮೇಲೆ. ದಾರಿಯುದ್ದಕ್ಕೂ ಅವಳು ವರದಿ ಬರೆದವನನ್ನು ಬಾಯ್ತುಂಬ ಬೈದಳು. ಸುಮ್ಮನಿದ್ದರೆ ಸಂಶಯ ಬಂದೀತೆಂದು ನಾನೂ ಎರಡು ಮಾತು ಬೈದೆ.