ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರು ಕಂಡ ತಪ್ಪು ಉತ್ತರಗಳು

ಲೆಕ್ಕದ ಮೇಷ್ಟ್ರಿಗೆ ನಗುವುದಕ್ಕೆ ಬರುವುದಿಲ್ಲ ಅಂತ ಜನ ತಿಳಿದಿದ್ದಾರೆ. ನನ್ನ ಹೆಂಡತಿಯೂ ಹಾಗೇ ತಿಳಿದಿದ್ದಾಳೆ. ಆದರೆ ಸಂಖ್ಯಾಶಾಸ್ತ್ರದ ಪುಸ್ತಕ ಹಿಡಿದು ನಮ್ಮ ಕಡೆಯ ಹುಡುಗರ ಮುಂದೆ ನಿಂತವನಿಗೆ ದಿನಕ್ಕೊಂದು ಪ್ರಸಂಗ ತಪ್ಪಿದ್ದಲ್ಲ. ಆಗ ನಗುವುದಕ್ಕೆ ಪುರುಸೊತ್ತಿರಲಿಲ್ಲ, ಅಷ್ಟೇ. ಈಗ ರಿಟೈರಾಗಿ ಕೋಲಾರದ ಮನೆಯ ಜಗಲಿಯ ಮೇಲೆ ಕೂತು ಅದನ್ನೆಲ್ಲ ನೆನೆದು ನಗುತ್ತಿದ್ದೇನೆ. ಹಾದಿಯಲ್ಲಿ ಹೋಗುವವರು ನೋಡಿ ಏನೆಂದುಕೊಳ್ಳುತ್ತಾರೋ ಗೊತ್ತಿಲ್ಲ.

ಮಾಲೂರಿನಲ್ಲಿ ಎರಡು ವರ್ಷ, ಶ್ರೀನಿವಾಸಪುರದಲ್ಲಿ ಒಂದು ವರ್ಷ ಟೆಂಪರರಿಯಾಗಿ ದುಡಿದು, ಆಮೇಲೆ ಮುಳಬಾಗಿಲಿನ ಕಾಲೇಜಿಗೆ ಬಂದೆ. ಎಪ್ಪತ್ತರ ದಶಕ ಮುಗಿದು ಎಂಬತ್ತು ಕಾಲಿಡುತ್ತಿದ್ದ ಕಾಲ. ಬಿ.ಎ. ಹುಡುಗರಿಗೆ ಅರ್ಥಶಾಸ್ತ್ರದ ಜೊತೆಗೆ ಸ್ಟ್ಯಾಟಿಸ್ಟಿಕ್ಸ್ ಹೇಳಬೇಕು. ಹುಡುಗರು ಮನಸ್ಸಿನಲ್ಲಿ ಕೂಡುತ್ತಿದ್ದದ್ದು ತೆಲುಗಿನಲ್ಲಿ, ಬಾಯಲ್ಲಿ ಹೇಳುತ್ತಿದ್ದದ್ದು ಕನ್ನಡದಲ್ಲಿ, ಬರೆಯಬೇಕಾಗಿದ್ದದ್ದು ಇಂಗ್ಲಿಷಿನಲ್ಲಿ. ಈ ಮೂರು ಮನೆ ದಾಟುವಷ್ಟರಲ್ಲಿ ಎಲ್ಲೋ ಒಂದು ಸೊನ್ನೆ ಬಿದ್ದುಹೋಗುತ್ತಿತ್ತು.

೧. ಖಾಲಿ ಜಾಗ

ಬೈರಕೂರಿನಿಂದ ಸೈಕಲ್ ತುಳಿದುಕೊಂಡು ಬರುವ ಒಬ್ಬ ಹುಡುಗನಿದ್ದ. ಕಾಲೇಜು ಅಂದರೆ ಪ್ರಾಣ ಬಿಡುತ್ತಿದ್ದ. ಲೈಬ್ರರಿಯ ಪೇಪರನ್ನು ಹೆಸರಿನಿಂದ ಹಿಡಿದು ಕೊನೆಯ ಪುಟದ ಜಾಹೀರಾತಿನವರೆಗೂ ಓದುತ್ತಿದ್ದ. ಉಳಿದ ಸಬ್ಜೆಕ್ಟುಗಳಲ್ಲೆಲ್ಲ ಚುರುಕು, ನನ್ನ ಸಬ್ಜೆಕ್ಟಿನಲ್ಲಿ ಮಾತ್ರ ಎರಡು ಸಲ ಮುಗ್ಗರಿಸಿದ್ದ.

ಆ ವರ್ಷ ಕಾಲೇಜು ಶುರುವಾದ ವಾರದಲ್ಲೇ ಅವನಪ್ಪ ಸ್ಟಾಫ್ ರೂಮಿಗೆ ಬಂದರು. ತಲೆಗೆ ಟವಲು ಸುತ್ತಿದ್ದರು, ಕಾಲಿಗೆ ತೋಟದ ಕೆಮ್ಮಣ್ಣು ಅಂಟಿತ್ತು. ಮಗ ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತಿದ್ದ.

"ಸಾರ್, ನಿಮ್ಮದೊಂದ್ರಲ್ಲಿ ಇವ್ನು ದಡ ಹತ್ತಲ್ಲ ಅಂತಾನೆ. ಈ ಸಲಾನೂ ಫೇಲಾದ್ರೆ ಟಿ.ಸಿ. ಕೊಟ್ಬಿಡಿ, ಕರ್ಕೊಂಡು ಹೋಗ್ತೀನಿ."

"ಯಜಮಾನ್ರೇ, ಹಾಗೆಲ್ಲ ಅವಸರ ಮಾಡಬೇಡಿ. ಹುಡುಗ ಬುದ್ಧಿವಂತ" ಅಂದೆ.

"ಇರ್ಬೋದು ಸಾರ್. ಆದ್ರೆ ನಮ್ಮ ಜೋಡೆತ್ತಿನಲ್ಲಿ ಒಂದು ಹೋದ ತಿಂಗಳು ಸತ್ತೋಯ್ತು. ಅಲ್ಲಿ ಜಾಗ ಖಾಲಿ ಐತೆ."

ಅಪ್ಪ ಆ ಕಡೆ ಹೋದ ಮೇಲೆ ಹುಡುಗ ನನ್ನ ಹತ್ತಿರ ಬಂದ. "ಸಾರ್, ನಾನು ಓದ್ಬೇಕು ಸಾರ್. ಹೆಂಗಾದ್ರೂ ದಾಟಿಸಿ" ಅಂದ. ಅವನ ಕಣ್ಣಲ್ಲಿ ನೀರಾಡಿತು. ಏನೇ ಆಗಲಿ, ಇವನನ್ನು ನೊಗದಿಂದ ತಪ್ಪಿಸಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ. ಹುಡುಗನಿಗೂ ಹೇಳಿದೆ: "ನೀನು ಲೆಕ್ಕ ಕಲಿ, ಎತ್ತಿನ ವಿಷಯ ಎತ್ತು ನೋಡ್ಕೊಳ್ಳುತ್ತೆ."

೨. ಮಕ್ಕರಿಯ ಮೇಲಿನ ಹಣ್ಣು

ಪುಸ್ತಕದಲ್ಲಿ ಸಂಭವನೀಯತೆಯ ಲೆಕ್ಕವೆಂದರೆ ಚೀಲದೊಳಗೆ ಕೆಂಪು ಚೆಂಡು, ಕಪ್ಪು ಚೆಂಡು. "ಚೀಲದಲ್ಲಿ ಚೆಂಡು ಯಾರು ಹಾಕ್ತಾರೆ ಸಾರ್?" ಅಂತ ಮೊದಲ ದಿನವೇ ತಕರಾರು ಬಂತು. ಸರಿ, ನಮ್ಮೂರಿನ ಲೆಕ್ಕವನ್ನೇ ಕೊಡೋಣ ಅಂತ ಬೋರ್ಡಿನ ಮೇಲೆ ಬರೆದೆ: ಒಂದು ಬಿದಿರಿನ ಮಕ್ಕರಿಯಲ್ಲಿ ನೂರು ಮಾವಿನಹಣ್ಣುಗಳಿವೆ. ಅದರಲ್ಲಿ ಇಪ್ಪತ್ತು ಕೊಳೆತಿವೆ. ಮೇಲಿನಿಂದ ಒಂದು ಹಣ್ಣು ತೆಗೆದರೆ ಅದು ಕೊಳೆತದ್ದಾಗಿರುವ ಸಂಭವವೆಷ್ಟು?

ಬೈರಕೂರಿನ ಹುಡುಗ ಪೆನ್ನನ್ನೂ ಮುಟ್ಟದೆ ಎದ್ದು ನಿಂತ. "ಸೊನ್ನೆ ಸಾರ್."

"ಹೇಗಯ್ಯಾ ಸೊನ್ನೆ? ನೂರಕ್ಕೆ ಇಪ್ಪತ್ತು ಕೊಳೆತಿದೆ ಅಂತ ಕೊಟ್ಟಿದೆಯಲ್ಲ?"

"ಕೊಳೆತಿರೋದನ್ನ ಮೇಲ್ಗಡೆ ಯಾರು ಜೋಡಿಸ್ತಾರೆ ಸಾರ್?"

ತರಗತಿಯೆಲ್ಲ ಹೌದು ಹೌದು ಅಂದಿತು. ನಾನೂ ಬಿಡಲಿಲ್ಲ. "ಸರಿ, ತಳದಿಂದ ತೆಗೆದರೆ?"

"ಗ್ಯಾರಂಟಿ ಕೊಳೆತದ್ದೇ ಸಾರ್. ಅನುಮಾನವೇ ಬೇಡ."

"ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ತೆಗೆದರೆ?"

"ಕಣ್ಣಿಗೆ ಬಟ್ಟೆ ಕಟ್ಕೊಂಡು ಶ್ರೀನಿವಾಸಪುರದ ಮಾವಿನ ಮಂಡಿಗೆ ಯಾರು ಹೋಗ್ತಾರೆ ಸಾರ್?"

ಸಿಟ್ಟು ಬಂತು. ಐದರಲ್ಲಿ ಒಂದು ಅಂತ ಉತ್ತರ ಬರೆಸಿ, ಅವನನ್ನು ಗಂಟೆ ಹೊಡೆಯುವವರೆಗೂ ನಿಲ್ಲಿಸಿದೆ. ಆ ಭಾನುವಾರ ಶ್ರೀನಿವಾಸಪುರದಲ್ಲಿ ಹಳೆಯ ಸಹೋದ್ಯೋಗಿಯ ಮನೆಯಲ್ಲಿ ನಾಮಕರಣವಿತ್ತು. ಬರುವಾಗ ಮಂಡಿಯಲ್ಲಿ ಒಂದು ಮಕ್ಕರಿ ಹಣ್ಣು ಕೊಂಡೆ. ಮೇಲಿನ ಸಾಲು ನೋಡಿದರೆ ದೇವರಿಗೆ ಇಡಬೇಕು, ಹಾಗಿತ್ತು. ಮನೆಗೆ ಬಂದ ಮೇಲೆ ಹೆಂಡತಿ ಮಕ್ಕರಿ ಬೋರಲು ಹಾಕಿದಳು. ಮೂಗಿಗೆ ಸೆರಗು ಹಿಡಿದು ಕೇಳಿದಳು: "ಅಲ್ಲಾ, ಕಾಲೇಜಲ್ಲಿ ನೀವು ಹೇಳಿಕೊಡ್ತೀರೋ, ಕಲೀತೀರೋ?"

ಸೋಮವಾರ ಹುಡುಗನನ್ನು ಕರೆದು ಅವನ ಸೊನ್ನೆಗೆ ಪೂರ್ತಿ ಮಾರ್ಕ್ಸ್ ಕೊಟ್ಟೆ.

೩. ಟವಲಿನ ಕೆಳಗೆ

ಬೆಲೆ ಹೇಗೆ ನಿಗದಿಯಾಗುತ್ತದೆ ಅನ್ನುವ ಪಾಠ. ಬೇಡಿಕೆಯ ಗೆರೆ ಇಳಿಸಿದೆ, ಪೂರೈಕೆಯ ಗೆರೆ ಏರಿಸಿದೆ. ಎರಡೂ ಕೂಡಿದ ಕಡೆ ದಪ್ಪಗೆ ಒಂದು ಚುಕ್ಕಿ ಇಟ್ಟೆ. ಹಿಂದಿನ ಬೆಂಚಿನಿಂದ ಆವನಿಯ ಹುಡುಗ ಕೇಳಿದ: "ಇದರಲ್ಲಿ ಟವಲೆಲ್ಲಿ ಸಾರ್?"

ಅವರದು ತಲೆತಲಾಂತರದಿಂದ ದನದ ವ್ಯಾಪಾರದ ಮನೆ. ಎತ್ತಿನ ಬೆಲೆಯನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಟವಲಿನ ಕೆಳಗೆ ಕೈ ಸೇರಿಸಿ, ಬೆರಳು ಹಿಡಿದು ಬಿಟ್ಟು ಬೆಲೆ ಕುದುರಿಸುತ್ತಾರೆ. ಸುತ್ತ ನಿಂತವರಿಗೆ ಇಬ್ಬರ ಮುಖ ಮಾತ್ರ ಕಾಣಬೇಕು. ನಾನು ಕೋಲಾರ ಪೇಟೆಯಲ್ಲಿ ಬೆಳೆದವನು. ಅದನ್ನು ದೂರದಿಂದ ಕಂಡಿದ್ದೆ, ಮಾಡಿ ನೋಡಿರಲಿಲ್ಲ.

"ಬಾ, ತೋರಿಸು" ಅಂದೆ. ಅವನು ಬಂದು ತನ್ನ ಟವಲನ್ನು ನನ್ನ ಕೈ ಮೇಲೆ ಹಾಸಿದ. "ಮಾಲು ಏನು ಸಾರ್?" ಅಂದ. ತಮಾಷೆಗೆ ನನ್ನ ಮದುವೆಯ ವಾಚನ್ನು ಬಿಚ್ಚಿ ಮೇಜಿನ ಮೇಲಿಟ್ಟೆ. ಅವನು ನನ್ನ ಎರಡು ಬೆರಳು ಹಿಡಿದ, ನಾನು ಕೈ ಎಳೆದೆ. ನಾಲ್ಕು ಹಿಡಿದ, ಅಂಗೈ ತಟ್ಟಿದ. ಕಚಗುಳಿಯಾಗಿ ನಾನು ಅವನ ಕೈಯನ್ನು ಗಟ್ಟಿಯಾಗಿ ಅದುಮಿಬಿಟ್ಟೆ.

"ಮುಗೀತು ಸಾರ್" ಅಂದ.

"ಏನು ಮುಗೀತು?"

"ಕೈ ಅದುಮಿದ್ರಿ, ಅಂದ್ರೆ ಒಪ್ಪಿದ್ರಿ. ವಾಚು ನಂದು. ನಲವತ್ತು ರೂಪಾಯಿ."

ಆ ಹೊತ್ತಿಗೆ ಸರಿಯಾಗಿ ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತಿದ್ದರು. ಪಾಠದ ಹೊತ್ತಿನಲ್ಲಿ ಮೇಷ್ಟ್ರು ವಿದ್ಯಾರ್ಥಿಯ ಕೈ ಹಿಡಿದು, ಮೇಲೆ ಟವಲು ಹೊದ್ದು ನಿಂತಿದ್ದಾರೆ! "ಬೆಲೆ ನಿಗದಿಯ ಪಾಠ ಸಾರ್" ಅಂತ ತೊದಲಿದೆ. ಪ್ರಿನ್ಸಿಪಾಲರು ಒಳಗೆ ಬಂದು ಮೇಜಿನ ಮೇಲಿದ್ದ ವಾಚು ನೋಡಿದರು, ಟವಲು ನೋಡಿದರು, ಹುಡುಗನನ್ನೂ ನೋಡಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದರು:

"ಎಷ್ಟಕ್ಕೆ ಹೋಯ್ತು?"

೪. ಐದನೆಯ ಮನೆ

ಮಾದರಿ ಸಮೀಕ್ಷೆ ಅಂತ ಒಂದು ಪಾಠ. ಊರಿನಲ್ಲಿ ಪ್ರತಿ ಐದನೆಯ ಮನೆಗೆ ಹೋಗಿ ಮಾಹಿತಿ ತರಬೇಕು. ನಂಗಲಿ ಕಡೆಯ ಒಂದು ಹಳ್ಳಿಗೆ ಹುಡುಗರನ್ನು ಕರೆದುಕೊಂಡು ಹೋದೆ. ಕೈಯಲ್ಲಿ ಪುಸ್ತಕ, ಕಿವಿಯ ಸಂದಿಯಲ್ಲಿ ಪೆನ್ಸಿಲು. ಮೊದಲ ಪ್ರಶ್ನೆ ನಾನೇ ಬರೆದುಕೊಟ್ಟದ್ದು: ಮನೆಯಲ್ಲಿ ಮಕ್ಕಳೆಷ್ಟು?

ಎಮರ್ಜೆನ್ಸಿ ಮುಗಿದು ವರ್ಷಗಳಾಗಿದ್ದವು. ಆದರೆ ಪುಸ್ತಕ ಹಿಡಿದು ಬಂದು ಮಕ್ಕಳ ಲೆಕ್ಕ ಕೇಳುವವರು ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಲು ಹಿಡಿದುಕೊಂಡು ಹೋಗುತ್ತಾರೆ ಅನ್ನುವ ಭಯ ಆ ಊರಿನಲ್ಲಿ ಇನ್ನೂ ಹಸಿಯಾಗಿತ್ತು. ನನಗೆ ಅದು ಹೊಳೆಯಲೇ ಇಲ್ಲ. ಮೊದಲ ಮನೆಯಲ್ಲಿ ಪ್ರಶ್ನೆ ಕೇಳಿದ್ದೇ ತಡ, ಹಿತ್ತಿಲ ಬಾಗಿಲು ದಡಾರ್ ಅಂತು. ಹತ್ತು ನಿಮಿಷದಲ್ಲಿ ಊರಿನ ಗಂಡಸರೆಲ್ಲ ಹಿಪ್ಪುನೇರಳೆ ತೋಟದೊಳಗೆ ಮಾಯ. ಒಬ್ಬ ಅಜ್ಜಿ ಮಾತ್ರ ಧೈರ್ಯವಾಗಿ ಎದುರು ಬಂದು ಕೈ ಮುಗಿದಳು. "ಸಾಮಿ, ನನ್ನ ಮಗನಿಗೆ ಆವಾಗ್ಲೇ ಆಗೋಗೈತೆ. ಆಪರೇಷನ್ನಿಗೆ ಕೊಡೋ ಬಕೆಟ್ಟೂ ಕೊಟ್ಟವ್ರೆ. ಬೇಕಾದ್ರೆ ಬಕೆಟ್ ತೋರಿಸ್ತೀನಿ."

ಸಂಜೆ ಬಸ್ಸಿಗೆ ಕಾಯುತ್ತಾ ಹುಡುಗರ ವರದಿ ತಿರುವಿ ಹಾಕಿದೆ. ಒಬ್ಬ ಬಹಳ ಪ್ರಾಮಾಣಿಕವಾಗಿ ಬರೆದಿದ್ದ: "ಈ ಗ್ರಾಮದ ಗಂಡಸರ ಸರಾಸರಿ ವಯಸ್ಸು ತಿಳಿದುಬರಲಿಲ್ಲ. ಆರೋಗ್ಯ ಉತ್ತಮ. ಚೆನ್ನಾಗಿ ಓಡುತ್ತಾರೆ."

೫. ಕೆಂಪು ಇಂಕು

ಕೊನೆಯದನ್ನು ಹೇಳುವುದಕ್ಕೆ ಇಷ್ಟು ವರ್ಷ ಸಂಕೋಚವಾಗುತ್ತಿತ್ತು. ಈಗ ವಯಸ್ಸಾಯಿತು, ಸಂಕೋಚ ಯಾಕೆ?

ಆ ವರ್ಷ ಕಾರ್ತಿಕದಲ್ಲಿ ಟ್ರೆಂಡ್ ಲೈನ್ ಪಾಠ ಮಾಡಿದೆ. ಹಿಂದಿನ ವರ್ಷಗಳ ಅಂಕಿ ಇಟ್ಟುಕೊಂಡು ಒಂದು ನೇರ ಗೆರೆ ಎಳೆದು, ಮುಂದಿನ ವರ್ಷ ಏನಾಗಬಹುದು ಅಂತ ಅಂದಾಜು ಮಾಡುವ ಲೆಕ್ಕ. ಹುಡುಗರಿಂದಲೇ ಹಿಂದಿನ ಐದು ಬೇಸಿಗೆಯ ಟೊಮೇಟೊ ಬೆಲೆ ಕೇಳಿ ಬೋರ್ಡಿನ ಮೇಲೆ ಬರೆದೆ. ವರ್ಷವರ್ಷಕ್ಕೂ ಏರಿತ್ತು. "ಮುಂದಿನ ಬೇಸಿಗೆಗೆ ಎಷ್ಟಾಗುತ್ತೆ, ಮನೆಯಲ್ಲಿ ಮಾಡಿಕೊಂಡು ಬನ್ನಿ" ಅಂದೆ.

ಎಲ್ಲರ ಉತ್ತರವೂ ಸರಿ: ಬೆಲೆ ಇನ್ನೂ ಏರುತ್ತದೆ. ಬೈರಕೂರಿನ ಹುಡುಗ ಮಾತ್ರ ಕೂಡುವ ಕಡೆ ಕಳೆದಿದ್ದ. ಅವನ ಗೆರೆ ಏಣಿ ಜಾರಿದ ಹಾಗೆ ಕೆಳಗಿಳಿದಿತ್ತು. ಪರೀಕ್ಷೆ ಹತ್ತಿರ ಬರುತ್ತಿದೆ, ಇವನು ಇನ್ನೂ ಹೀಗೆ! ಕೆಂಪು ಇಂಕಿನಲ್ಲಿ ಪುಟದ ತುಂಬ ಅಡ್ಡಗೆರೆ ಹೊಡೆದು, ದೊಡ್ಡದಾಗಿ ಸಹಿ ಮಾಡಿ, "ನಿಮ್ಮಪ್ಪನಿಗೆ ತೋರಿಸಿ ಹೆಬ್ಬೆಟ್ಟು ಹಾಕಿಸಿಕೊಂಡು ಬಾ" ಅಂದೆ. ಮಾರನೆಯ ದಿನ ಹೆಬ್ಬೆಟ್ಟು ಬಂತು. ನಾನು ಅದನ್ನು ಮರೆತೆ.

ಸಂಕ್ರಾಂತಿ ಕಳೆಯಿತು. ಉಳಿದ ಹುಡುಗರೆಲ್ಲ ಮನೆಗೆ ಹೋಗಿ, ಟೊಮೇಟೊ ಬೆಲೆ ಏರುತ್ತದೆ, ಕಾಲೇಜಿನಲ್ಲಿ ಲೆಕ್ಕ ಹಾಕಿ ನೋಡಿದ್ದೇವೆ ಅಂತ ಹೇಳಿದ್ದರಂತೆ. ಓದಿದವರ ಮಾತು! ರೈತರು ಒಬ್ಬರನ್ನು ನೋಡಿ ಒಬ್ಬರು ಟೊಮೇಟೊ ನಾಟಿ ಮಾಡಿದರು. ಬೇಸಿಗೆಯಲ್ಲಿ ಕೋಲಾರದಿಂದ ಬಸ್ಸಿನಲ್ಲಿ ಬರುತ್ತಾ ನೋಡುತ್ತೇನೆ, ರಸ್ತೆಯ ಎರಡೂ ಬದಿ ಕೆಂಪೋ ಕೆಂಪು. ಮಂಡಿಯಲ್ಲಿ ಮಕ್ಕರಿಗಳ ಸಾಲು ರಸ್ತೆಗೆ ಬಂದಿತ್ತು, ಕೇಳುವವರಿಲ್ಲ. ಒಂದು ಬೆಳಿಗ್ಗೆ ಕಾಲೇಜಿನ ಗೇಟಿನ ಮುಂದೆ ಯಾರೋ ಎರಡು ಗಾಡಿ ಟೊಮೇಟೊ ಸುರಿದು ಹೋಗಿದ್ದರು. ಪ್ರಿನ್ಸಿಪಾಲರು ಪಂಚೆ ಎತ್ತಿಕೊಂಡು ದಾಟುತ್ತಾ, "ಏನ್ರೀ ಇದು ನಿಮ್ಮ ಡಿಪಾರ್ಟ್‌ಮೆಂಟಿನದಾ?" ಅಂದರು. ನನಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಅದೇ ಹೊತ್ತಿಗೆ ರಿಸಲ್ಟು ಬಂತು. ಬೈರಕೂರಿನ ಹುಡುಗ ನಾಲ್ಕು ಮಾರ್ಕಿನಲ್ಲಿ ಫೇಲು. ಅವನು ನನ್ನ ಮುಂದೆ ಅಳಲಿಲ್ಲ. "ನಾಳೆ ಅಪ್ಪ ಬರ್ತಾರೆ ಸಾರ್" ಅಂತ ಮಾತ್ರ ಹೇಳಿ ಸೈಕಲ್ ಹತ್ತಿದ. ಅವತ್ತು ನನಗೆ ಊಟ ಸೇರಲಿಲ್ಲ. ಹುಡುಗನ ಕೈ ಬಿಟ್ಟೆನಲ್ಲ ಅಂತ ಮನಸ್ಸು ಮರುಗಿತು.

ಮಾರನೆಯ ದಿನ ಅಪ್ಪ ಬಂದರು. ಹಿಂದೆ ಮಗ, ಅವನ ತಲೆಯ ಮೇಲೆ ಒಂದು ಮೂಟೆ ಹುರುಳಿಕಾಯಿ. ನಾನು ಅವರು ಬಾಯಿ ತೆರೆಯುವುದಕ್ಕೆ ಮೊದಲೇ ಬೇಡಿಕೊಂಡೆ: "ಯಜಮಾನ್ರೇ, ಇನ್ನೊಂದೇ ಒಂದು ಸಲ ಅವಕಾಶ ಕೊಡಿ, ಟಿ.ಸಿ. ಕೇಳಬೇಡಿ."

"ಟಿ.ಸಿ. ಯಾಕ್ ಸಾರ್? ಊರವರೆಲ್ಲ ಟೊಮೇಟೊ ಹಾಕಿ ತಿಪ್ಪೆಗೆ ಸುರೀತಾವ್ರೆ. ನಾನೊಬ್ಬ ಹುರುಳಿಕಾಯಿ ಹಾಕ್ದೆ. ಬೇರೆ ಯಾರ ಹತ್ರಾನೂ ಇಲ್ಲ, ಮಂಡಿಯವ್ರು ತೋಟಕ್ಕೇ ಬಂದು ಎತ್ಕೊಂಡು ಹೋದ್ರು. ಹೊಸ ಎತ್ತು ತಂದೆ ಸಾರ್!"

"ನಿಮಗೆ ಟೊಮೇಟೊ ಬೇಡ ಅಂತ ಯಾರು ಹೇಳಿದ್ದು?"

"ಇನ್ಯಾರು? ನನ್ ಮಗ. ಬೆಲೆ ಬಿದ್ದೋಗ್ತದೆ ಅಂತ ಲೆಕ್ಕ ಹಾಕಿ ತಂದಿದ್ನಲ್ಲ. ಮೇಷ್ಟ್ರು ನೋಡವ್ರೇನೋ ಅಂದೆ. ನೋಡವ್ರೆ ಅಂದ. ಪುಟದ ತುಂಬ ಕೆಂಪು ಇಂಕು, ಕೆಳಗೆ ನಿಮ್ಮ ಸೈನು! ಅದಕ್ಕೇ ಧೈರ್ಯವಾಗಿ ಹೆಬ್ಬೆಟ್ಟು ಒತ್ತಿದ್ದು."

ಹುಡುಗ ಮೂಟೆಯ ಕೆಳಗಿನಿಂದ ನನ್ನನ್ನು ನೋಡಿದ. ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. "ನೋಡಿ, ಆ ಲೆಕ್ಕ ತಪ್ಪು. ಕೆಂಪು ಇಂಕು ಹಾಕಿದ್ದು ತಪ್ಪು ಅಂತಲೇ. ಅವನು ಪರೀಕ್ಷೆಯಲ್ಲೂ ಫೇಲಾಗಿದ್ದಾನೆ" ಅಂದೆ.

ಯಜಮಾನರು ಟವಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ಮಗನ ತಲೆಯಿಂದ ಮೂಟೆ ಇಳಿಸಿ ನನ್ನ ಮೇಜಿನ ಮೇಲಿಟ್ಟು ಕೈ ಮುಗಿದರು.

"ಇರ್ಲಿ ಬುಡಿ ಸಾರ್. ಇನ್ನೂ ಒಂದು ವರ್ಷ ಓದ್ಲಿ, ಎರಡು ವರ್ಷ ಬೇಕಾದ್ರೂ ಓದ್ಲಿ. ನೀವು ಪಾಠ ಹೇಳಿ, ಬೈಯ್ರಿ, ಬೆಂಚಿನ ಮೇಲೆ ನಿಲ್ಸಿ, ನಾನು ಕೇಳಲ್ಲ. ಅವನ ಲೆಕ್ಕ ಮಾತ್ರ ತಿದ್ದಬೇಡಿ."